ಅಡ್ಡಕ್ಕೆ ಹರಿದ ಪರದೆ

ಹೊನಗೊನ್ನೆ ಸೊಪ್ಪಿನ ಕಂತೆ ಕಂಡರೆ ನಾನು ಈಗಲೂ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ. ವಿಜಯನಗರದ ನಮ್ಮ ಬೀದಿಗೆ ಬೆಳಿಗ್ಗೆ ಸೊಪ್ಪು ಮಾರಲು ಬರುವ ಹೆಂಗಸಿಗೆ ಇದು ಗೊತ್ತು. ನಾನು ಗೇಟಿನಲ್ಲಿ ನಿಂತಿದ್ದರೆ, "ನಿಮ್ಗೆ ದಂಟು ಕೊಡ್ತೀನಿ ಬುಡಿ ಸಾಮಿ" ಎಂದು ಬುಟ್ಟಿಯ ಆ ಮೂಲೆಯ ಮೇಲೆ ಒದ್ದೆ ಗೋಣಿಯ ತುಂಡನ್ನು ಎಳೆದುಬಿಡುತ್ತಾಳೆ. ಸೊಪ್ಪಿನ ಮೇಲೆ ನನಗೇನೂ ಹಗೆಯಿಲ್ಲ. ಕಣ್ಣಿಗೆ ಬಹಳ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ, ಒಳ್ಳೆಯದೇ ಇರಬೇಕು. ಆದರೆ ಒಂದು ಒಳ್ಳೆಯ ಪದಾರ್ಥವನ್ನು ಪಲ್ಯ ಮಾಡಿ, ಬಸ್ಸಾರು ಮಾಡಿ, ಮಸ್ಸೊಪ್ಪು ಮಾಡಿ, ಕಡೆಗೆ ದೋಸೆ ಹಿಟ್ಟಿಗೂ ರುಬ್ಬಿ ಹಾಕಿ ವಾರಗಟ್ಟಲೆ ಒಬ್ಬನೇ ಮನುಷ್ಯನಿಗೆ ಬಡಿಸಿದರೆ ಅವನ ಮನಸ್ಸು ಏನೇನೋ ಊಹಿಸತೊಡಗುತ್ತದೆ. ನಾನು ಊಹಿಸಿದ್ದು, ನನ್ನ ಹೆಂಡತಿಗೆ ಈ ವಯಸ್ಸಿನಲ್ಲಿ ನನ್ನ ಮೇಲೆ ಹೊಸದಾಗಿ ಪ್ರೀತಿ ಹುಟ್ಟಿದೆ ಎಂದು. ನಿಜ ಸಂಗತಿ ಬೇರೆ ಇತ್ತು. ಅದನ್ನು ಹೇಳಬೇಕಾದರೆ ನನ್ನ ಕಂಪ್ಯೂಟರಿನ ಕಾಯಿಲೆಯಿಂದ ಶುರು ಮಾಡಬೇಕು.

ನನ್ನದು ಅಕ್ಷರ ಜೋಡಿಸುವ ಕಸುಬು. ಮೀಸೆ ಮೂಡುವ ವಯಸ್ಸಿಗೇ ಅಶೋಕಪುರಂ ಕಡೆಯ ಒಂದು ಸಣ್ಣ ಅಚ್ಚುಕೂಟ ಸೇರಿ ಸೀಸದ ಮೊಳೆಗಳನ್ನು ಜೋಡಿಸುವುದನ್ನು ಕಲಿತೆ. ಮೊಳೆಗಳಲ್ಲಿ ಅಕ್ಷರಗಳು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿರುತ್ತವೆ. ದಿನವಿಡೀ ಹಾಗೆ ಓದಿ ಓದಿ ಸಂಜೆ ಹೊರಗೆ ಬಂದರೆ ಅಂಗಡಿಗಳ ಹೆಸರೆಲ್ಲ ತಪ್ಪಾಗಿ ಬರೆದ ಹಾಗೆ ಕಾಣುತ್ತಿದ್ದವು. ಮದುವೆಯಾದ ಹೊಸದರಲ್ಲಿ, ನಂಜನಗೂಡಿನ ತವರಿಗೆ ಹೊರಟಿದ್ದ ಹೆಂಡತಿಯನ್ನು ಬಸ್ಸಿನ ಬೋರ್ಡು ಓದಿ ನಾನೇ ಕೈಯಾರೆ ಹುಣಸೂರಿನ ಬಸ್ಸಿಗೆ ಹತ್ತಿಸಿ, ಕಿಟಕಿಯ ಹತ್ತಿರ ನಿಂತು ಟಾಟಾ ಮಾಡಿದ್ದೆ. ನನ್ನ ಕಣ್ಣುಗಳ ಬಗ್ಗೆ ಅವಳಿಗೆ ನಂಬಿಕೆ ಕಡಿಮೆಯಾದದ್ದು ಬಹುಶಃ ಅಂದಿನಿಂದಲೇ.

ಮೊಳೆಗಳ ಕಾಲ ಹೋಗಿ ಕಂಪ್ಯೂಟರ್ ಬಂತು. ಅಚ್ಚುಕೂಟ ಮುಚ್ಚಿತು. ನಾನು ಮನೆಯ ಮುಂದಿನ ಕೋಣೆಯಲ್ಲೇ ಒಂದು ಯಂತ್ರ ಇಟ್ಟುಕೊಂಡು ಮದುವೆಯ ಕರೆಯೋಲೆ, ತಿಥಿ ಕಾರ್ಡು, ಸಂಘ ಸಂಸ್ಥೆಗಳ ಸ್ಮರಣ ಸಂಚಿಕೆ ಇವುಗಳ ಪುಟ ಕಟ್ಟಿ ಕೊಡತೊಡಗಿದೆ. ಯಂತ್ರಕ್ಕೂ ವಯಸ್ಸಾಯಿತು. ಒಂದು ದಿನ ಅದನ್ನು ನಡೆಸುವ ಒಳಗಿನ ಮೂಲ ತಂತ್ರಾಂಶ, ಇನ್ನು ಮುಂದೆ ನನ್ನಿಂದ ನಿನ್ನ ಯೋಗಕ್ಷೇಮ ಸಾಧ್ಯವಿಲ್ಲ, ಹೊಸ ಯಂತ್ರ ಕೊಂಡುಕೋ ಎಂದು ಸೂಚನೆ ಕೊಟ್ಟು ಕೈ ತೊಳೆದುಕೊಂಡಿತು. ಆಗ ಬಂದವನೇ ಚಂದ್ರಶೇಖರ.

ಚಂದ್ರಶೇಖರ ನನ್ನ ಹೈಸ್ಕೂಲಿನ ಗೆಳೆಯ. ಭೌತಶಾಸ್ತ್ರದ ಮೇಷ್ಟ್ರಾಗಿ ನಿವೃತ್ತನಾಗಿ ಬನ್ನಿಮಂಟಪದಲ್ಲಿ ಇದ್ದಾನೆ. ನಿವೃತ್ತಿಯಾದ ಮೇಲೆ ಕೆಲವರು ದೇವರನ್ನು ಹಿಡಿಯುತ್ತಾರೆ, ಕೆಲವರು ವಾಕಿಂಗ್ ಹಿಡಿಯುತ್ತಾರೆ. ಅವನು ಲಿನಕ್ಸ್ ಹಿಡಿದ. ಆ ಮೂಲ ತಂತ್ರಾಂಶ ಊರಬಾವಿ ಇದ್ದ ಹಾಗೆ, ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಸೇದಿಕೊಳ್ಳಬಹುದು ಎಂದು ನನಗೆ ಬೋಧನೆ ಮಾಡಿದ. ಬಿಂದಿಗೆ ಒಳಗೆ ಬಿದ್ದರೆ ನಾವೇ ಇಳಿದು ಎತ್ತಿಕೊಳ್ಳಬೇಕು ಎಂಬ ಭಾಗವನ್ನು ಮಾತ್ರ ಅವತ್ತು ಹೇಳಲಿಲ್ಲ. ಅವನಿಗೆ ಇನ್ನೊಂದು ವ್ರತವೂ ಇತ್ತು: ಕಂಪ್ಯೂಟರಿಗೆ ಸಂಬಂಧಿಸಿದ ಯಾವ ಮಾತನ್ನೂ ಇಂಗ್ಲಿಷಿನಲ್ಲಿ ಆಡಕೂಡದು. ಫೈಲು ಎಂದವನು ಕಾಫಿ ಕೊಡಿಸಬೇಕು, ಕಡತ ಎನ್ನಬೇಕು. ಸ್ಕ್ರೀನು ಎಂದವನು ಕಾಫಿಯ ಜೊತೆ ವಡೆಯನ್ನೂ ಕೊಡಿಸಬೇಕು, ಪರದೆ ಎನ್ನಬೇಕು. ಜೀವಮಾನವೆಲ್ಲ ಕನ್ನಡ ಅಕ್ಷರಗಳಿಂದಲೇ ಅನ್ನ ತಿಂದ ನನಗೆ ಈ ವ್ರತ ಬಹಳ ಹಿಡಿಸಿತು. ಇವತ್ತು ಹಿಂತಿರುಗಿ ನೋಡಿದರೆ, ನಾವಿಬ್ಬರೂ ಎಲ್ಲರಂತೆ ಸ್ಕ್ರೀನು ಎಂದುಕೊಂಡು ಇದ್ದಿದ್ದರೆ ನಮ್ಮ ಮನೆಯಲ್ಲಿ ಏನೂ ಆಗುತ್ತಿರಲಿಲ್ಲ.

ನನ್ನ ಹೆಂಡತಿ ರಾಜಮ್ಮಣ್ಣಿ ಮೊದಲಿನಿಂದಲೂ ಇದಕ್ಕೆ ವಿರುದ್ಧವಾಗಿದ್ದಳು. ಓಡುತ್ತಿರುವ ಯಂತ್ರವನ್ನು ಆ ಮೇಷ್ಟ್ರ ಕೈಗೆ ಕೊಡಬೇಡಿ, ಅವರ ಮನೆಯ ಮಿಕ್ಸಿ ಏನಾಗಿದೆ ಎಂದು ನಾನು ನೋಡಿದ್ದೇನೆ ಎಂದಿದ್ದಳು. ನಾನು ಕೇಳಲಿಲ್ಲ. ಒಂದು ಭಾನುವಾರ ಅವನು ಬಂದು, ಅವಳೇ ಮಾಡಿಕೊಟ್ಟ ಉಪ್ಪಿಟ್ಟು ತಿಂದು, ಸಂಜೆಯ ಹೊತ್ತಿಗೆ ನನ್ನ ಯಂತ್ರಕ್ಕೆ ಲಿನಕ್ಸ್ ಕೂರಿಸಿ ಹೋದ. ಯಂತ್ರಕ್ಕೆ ಹರೆಯ ಮರಳಿತು. ಕನ್ನಡ ಅಕ್ಷರಗಳು ಮುತ್ತು ಪೋಣಿಸಿದ ಹಾಗೆ ಬಂದವು. ನಾನು ರಾಜಮ್ಮಣ್ಣಿಯನ್ನು ಕರೆದು ಏನಾದರೂ ಹೇಳಬೇಕೆಂದುಕೊಂಡೆ. ಸದ್ಯ, ಹೇಳಲಿಲ್ಲ.

ಯಾಕೆಂದರೆ ಮಾರನೆಯ ದಿನವೇ ಪರದೆ ಹರಿಯತೊಡಗಿತು. ಒಂದು ಸಹಕಾರ ಸಂಘದ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ ನನ್ನ ಕೈಯಲ್ಲಿತ್ತು. ದಸರೆಯಲ್ಲಿ ಬಿಡುಗಡೆ. ಅದರ ಪುಟವನ್ನು ಪಕ್ಕಕ್ಕೆ ಸರಿಸಿದರೆ ಚಿತ್ರದ ನಡುವೆ ಅಡ್ಡಲಾಗಿ ಒಂದು ಗೆರೆ ಮೂಡಿ, ಗೆರೆಯ ಕೆಳಗಿನ ಭಾಗ ಮುಂದೆ ಹೋಗಿ ಮೇಲಿನದು ಹಿಂದೆ ಉಳಿಯುತ್ತಿತ್ತು. ಸಂಘದ ಅಧ್ಯಕ್ಷರ ಕೊರಳಿನ ಹಾರ ಮುಂದೆ, ತಲೆ ಹಿಂದೆ. ಅಧ್ಯಕ್ಷರ ಸ್ವಭಾವಕ್ಕೆ ಅದು ಅಷ್ಟೇನೂ ವಿರುದ್ಧವಾಗಿರಲಿಲ್ಲ. ಆದರೂ ದಿನವಿಡೀ ಹಾಗೆ ನೋಡಿಕೊಂಡು ಕೆಲಸ ಮಾಡುವುದು ಹಿಂಸೆ. ಕ್ಷಣಾರ್ಧದಲ್ಲಿ ಎರಡೂ ಸೇರಿಕೊಂಡುಬಿಡುತ್ತಿದ್ದವು. ಇನ್ನೊಮ್ಮೆ ಸರಿಸಿದರೆ ಇನ್ನೊಮ್ಮೆ ಹರಿಯುತ್ತಿತ್ತು. ಚಂದ್ರಶೇಖರ ಇದರ ಕಾರಣವನ್ನು ಚೆನ್ನಾಗಿಯೇ ಬಿಡಿಸಿ ಹೇಳಿದ. ಪರದೆಯ ಮೇಲೆ ಚಿತ್ರ ಒಟ್ಟಿಗೆ ಮೂಡುವುದಿಲ್ಲವಂತೆ, ಗೋಡೆಗೆ ಸುಣ್ಣ ಬಳಿದ ಹಾಗೆ ಮೇಲಿನಿಂದ ಕೆಳಕ್ಕೆ ಬಳಿದುಕೊಂಡು ಬರುತ್ತದಂತೆ. ಅರ್ಧ ಬಳಿಯುವುದರೊಳಗೆ ಒಳಗಿನಿಂದ ಮುಂದಿನ ಚಿತ್ರ ಬಂದುಬಿಟ್ಟರೆ ಮೇಲೆ ಹಳೆಯದು, ಕೆಳಗೆ ಹೊಸದು. ಇಬ್ಬರು ಒಬ್ಬರಿಗೊಬ್ಬರು ಕಾಯದೆ ಇರುವುದೇ ರೋಗ ಎಂದ. ಕಾರಣ ಗೊತ್ತಾದದ್ದರಿಂದ ಹರಿಯುವುದೇನೂ ನಿಲ್ಲಲಿಲ್ಲ.

ಚಿಕ್ಕಂದಿನಲ್ಲಿ ನಾವು ನೋಡುತ್ತಿದ್ದ ಟೆಂಟು ಸಿನಿಮಾದ ಪರದೆ ನಿಜವಾಗಿಯೇ ಹರಿದಿತ್ತು. ಒಂದು ಮುಂಗಾರಿನ ಗಾಳಿಗೆ ಅಡ್ಡಲಾಗಿ ಸೀಳಿಹೋದದ್ದನ್ನು ಮಾಲೀಕ ಊರಿನ ದರ್ಜಿಯಿಂದ ದಪ್ಪ ದಾರದಲ್ಲಿ ಹೊಲಿಸಿದ್ದ. ಆ ವರ್ಷ ಬಂದ ಎಲ್ಲ ನಾಯಕಿಯರಿಗೂ ಕೊರಳಲ್ಲಿ ಒಂದು ಹೊಲಿಗೆ. ಕತ್ತಿವರಸೆಯಲ್ಲಿ ಕತ್ತಿ ಹೊಲಿಗೆಯ ಹತ್ತಿರ ಬಂದರೆ ಒಂದು ಕ್ಷಣ ಮುರಿದು ಮತ್ತೆ ಕೂಡಿಕೊಳ್ಳುತ್ತಿತ್ತು. ಮರಳಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದ ನಮ್ಮಲ್ಲಿ ಒಬ್ಬನೂ ದೂರಲಿಲ್ಲ. ಹೊಲಿಗೆ ಇದೆ ಎಂಬುದೇ ಸ್ವಲ್ಪ ಹೊತ್ತಿಗೆ ಮರೆತುಹೋಗುತ್ತಿತ್ತು. ಈಗ ಹೊಲಿಗೆ ಇಲ್ಲದ ಗಾಜಿನ ಮೇಲೆ ರೆಪ್ಪೆ ಬಡಿಯುವಷ್ಟು ಹೊತ್ತು ಮೂಡುವ ಒಂದು ಗೆರೆ ನನ್ನ ಊಟ ನಿದ್ದೆ ಕೆಡಿಸಿತು. ಮನುಷ್ಯ ಬೆಳೆಯುತ್ತಾನೆ ಎಂದು ಹೇಳುತ್ತಾರೆ, ಇದನ್ನೇ ಇರಬೇಕು.

ರಾಜಮ್ಮಣ್ಣಿಗೆ ಹೇಳುವ ಹಾಗಿರಲಿಲ್ಲ. ಮಿಕ್ಸಿಯ ಮಾತು ಮತ್ತೆ ಬರುತ್ತದೆ. ಆದ್ದರಿಂದ ಅವಳಿಗೆ ಕೇಳಿಸದಿರಲಿ ಎಂದು ಹಿತ್ತಿಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಚಂದ್ರಶೇಖರನಿಗೆ ದಿನಾ ಫೋನು ಮಾಡುತ್ತಿದ್ದೆ. ಅಡುಗೆಮನೆಯ ಕಿಟಕಿ ಆ ಕಲ್ಲಿಗೆ ನೇರವಾಗಿದೆ ಎಂಬುದು ಇಷ್ಟು ವರ್ಷ ಆ ಮನೆಯಲ್ಲಿ ಇದ್ದೂ ನನಗೆ ಹೊಳೆದಿರಲಿಲ್ಲ. ನಾನು ಆಡಿದ ಮಾತುಗಳು ಹೆಚ್ಚುಕಡಿಮೆ ಹೀಗಿರುತ್ತಿದ್ದವು: "ಪರದೆ ಹರೀತಾನೇ ಇದೆ ಕಣಯ್ಯ. ಇವತ್ತು ಇನ್ನೂ ಜಾಸ್ತಿ. ಮನೇಲಿ ಹೇಳಿಲ್ಲ, ಗೊತ್ತಾದ್ರೆ ಸುಮ್ನಿರಲ್ಲ ಅವ್ಳು. ಹೊಸದೇ ಹಾಕಿಸ್ಬೇಕು ಅಂತಾರೆ, ಅಷ್ಟು ದುಡ್ಡು ಎಲ್ಲಿಂದ ತರ್ಲಿ? ಇರೋದ್ರಲ್ಲೇ ಹೆಂಗೋ ಕಾಲ ತಳ್ಳೋಣ."

ಇಲ್ಲಿ ನನ್ನ ಭಾವನ ವಿಷಯ ಹೇಳಬೇಕು. ರಾಜಮ್ಮಣ್ಣಿಯ ಅಣ್ಣ ಮಹದೇವಸ್ವಾಮಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಬಹಳ ಹಿಂದೆ ಅವರ ಬಲಗಣ್ಣಿನ ಒಳಗಿನ ಪರದೆ ಹರಿಯಿತು. ಮೊದಲು ಮೂಲೆಯಲ್ಲಿ ಮಿಂಚು ಹೊಡೆದ ಹಾಗಾಯಿತು, ಆಮೇಲೆ ಕಪ್ಪು ಇಳಿಯತೊಡಗಿತು. ಹೇಳಿದರೆ ಕೆಲಸದಿಂದ ಇಳಿಸಿಬಿಡುತ್ತಾರೆಂದು ಅವರು ಯಾರಿಗೂ ಬಾಯಿ ಬಿಡಲಿಲ್ಲ. ಎಡಗಣ್ಣಿಗೂ ಮಂಜು ಕವಿಯುತ್ತಿದ್ದರೂ ನಾಣ್ಯವನ್ನು ಬೆರಳಿನಿಂದ, ಊರನ್ನು ರಸ್ತೆಯ ತಿರುವಿನಿಂದ ಗುರುತು ಹಿಡಿದು ಟಿಕೆಟ್ಟು ಹರಿದರು. ತಿಳಿದು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ಆ ಕಣ್ಣು ಮುಗಿದಿತ್ತು. ಆಗ ತವರಿನಲ್ಲಿದ್ದ ರಾಜಮ್ಮಣ್ಣಿ ಅಣ್ಣನ ಪಕ್ಕದಲ್ಲಿ ಕೂತು, ತಟ್ಟೆಯಲ್ಲಿ ಎಲ್ಲಿ ಅನ್ನ, ಎಲ್ಲಿ ಸಾರು ಎಂದು ಹೇಳಿ ಊಟ ಮಾಡಿಸಿದವಳು. ಚಿಕಿತ್ಸೆಯಿಂದ ಇನ್ನೊಂದು ಕಣ್ಣು ಉಳಿದದ್ದರಿಂದ ಅವರು ಈಗ ನಂಜನಗೂಡಿನಲ್ಲಿ ಗಟ್ಟಿಮುಟ್ಟಾಗಿದ್ದಾರೆ.

ಇದೆಲ್ಲ ನನಗೆ ಗೊತ್ತಿದ್ದ ಸಂಗತಿಯೇ. ಆದರೂ ತಟ್ಟೆಗೆ ಹೊನಗೊನ್ನೆ ಬಂದು ಬೀಳತೊಡಗಿದಾಗ ನನ್ನ ಬುದ್ಧಿ ಆ ಕಡೆಗೆ ಹೋಗಲೇ ಇಲ್ಲ. ಸೊಪ್ಪಿನ ಹಿಂದೆ ಕ್ಯಾರೆಟ್ಟು ಬಂತು, ಪರಂಗಿ ಹಣ್ಣು ಬಂತು. ಶನಿವಾರ ನೆತ್ತಿಗೆ ಹರಳೆಣ್ಣೆ ತಟ್ಟಿದಳು. ಬೆಳಿಗ್ಗೆ ಪೇಪರ್ ನನ್ನ ಕೈಗೆ ಕೊಡುವ ಬದಲು ಎದುರಿಗೆ ಕೂತು ತಾನೇ ಓದಿ ಹೇಳತೊಡಗಿದಳು. ಮೆಟ್ಟಿಲು ಇಳಿಯುವಾಗ ಮೊಣಕೈ ಹಿಡಿದುಕೊಳ್ಳುತ್ತಿದ್ದಳು. ಸ್ಕೂಟರಿನ ಬೀಗದ ಕೈ ಕಾಣೆಯಾಯಿತು. ನಡೆದಾಡಿದರೆ ಸಕ್ಕರೆ ಇಳಿಯುತ್ತೆ ಕಣ್ರೀ ಎಂದಳು. ನಾನು ಕನ್ನಡಿಯಲ್ಲಿ ನೋಡಿಕೊಂಡೆ. ಅಂಥದ್ದೇನೂ ಹೊಸದು ಕಾಣಲಿಲ್ಲ. ಬಹುಶಃ ಇಷ್ಟು ಕಷ್ಟದ ತಂತ್ರಾಂಶವನ್ನು ಒಬ್ಬನೇ ನಿಭಾಯಿಸುತ್ತಿರುವ ಗಂಡನ ಮೇಲೆ ಗೌರವ ಮೂಡಿರಬೇಕು ಎಂದುಕೊಂಡೆ. ಆ ಗೌರವಕ್ಕೆ ತಕ್ಕ ಹಾಗೆ ಸ್ವಲ್ಪ ನಿಧಾನವಾಗಿ, ಗಾಂಭೀರ್ಯದಿಂದ ನಡೆಯುವುದನ್ನೂ ಅಭ್ಯಾಸ ಮಾಡಿಕೊಂಡೆ. ಅದನ್ನು ನೋಡಿ ಅವಳು ಇನ್ನಷ್ಟು ಬಿಗಿಯಾಗಿ ಮೊಣಕೈ ಹಿಡಿದಳು.

ಅದೇ ಸಮಯದಲ್ಲಿ ಅವಳು ಮಧ್ಯಾಹ್ನ ಎಲ್ಲಿಗೋ ಹೋಗಿಬರತೊಡಗಿದಳು. ಎಲ್ಲಿಗೆ ಎಂದರೆ ವಚನ ಗಾಯನದ ತರಗತಿಗೆ ಎಂದಳು. ಒಂದು ಹಾಡು ಎಂದೆ. ಇನ್ನೂ ಬೆರಳು ಕೂತಿಲ್ಲ ಎಂದಳು. ಹಾಡುವುದಕ್ಕೆ ಗಂಟಲಲ್ಲವೇ ಕೂರಬೇಕಾದ್ದು ಎಂದು ನನಗೆ ಅನ್ನಿಸಿತಾದರೂ, ಹಾರ್ಮೋನಿಯಂ ಇರಬೇಕು ಎಂದು ಸುಮ್ಮನಾದೆ. ನನಗೆ ನನ್ನದೇ ಹರಿದಿತ್ತು.

ಇಂಟರ್‌ನೆಟ್ಟಿನಲ್ಲಿ ಈ ರೋಗಕ್ಕೆ ಮದ್ದು ಹೇಳುವವರು ಲೋಕದ ತುಂಬ ಇದ್ದಾರೆ. ಒಬ್ಬ ಇಂಥ ಗುಂಡಿಯನ್ನು ಹಚ್ಚು ಎಂದರೆ ಇನ್ನೊಬ್ಬ ಅದನ್ನೇ ಆರಿಸು ಎನ್ನುತ್ತಾನೆ. ಮೂರನೆಯವನು, ನನಗೂ ಹೀಗೇ ಆಗಿತ್ತು, ಈಗ ಸರಿಹೋಯಿತು ಎಂದಷ್ಟೇ ಬರೆದು, ಹೇಗೆ ಎಂದು ಹೇಳದೆ ಹೊರಟುಹೋಗಿರುತ್ತಾನೆ. ಅಂಥವನಷ್ಟು ಕ್ರೂರಿಯನ್ನು ನಾನು ಕಂಡಿಲ್ಲ. ಎಲ್ಲರ ಮಾತೂ ಕೇಳಿ, ಹಚ್ಚಿ ಆರಿಸಿ, ಆರಿಸಿ ಹಚ್ಚಿ, ಕಡೆಗೆ ಒಂದು ಬೆಳಿಗ್ಗೆ ಚಂದ್ರಶೇಖರ ಹೇಳಿದ ಮದ್ದನ್ನೇ ಮಾಡಿದೆ. ಪರದೆಗೆ ಸಂಬಂಧಿಸಿದ ಒಂದು ಕಡತ ಬರೆದು ಅದರಲ್ಲಿ, ಒಂದು ಚಿತ್ರ ಪೂರ್ತಿ ಮೂಡುವ ತನಕ ಮುಂದಿನದು ಕಾಯಬೇಕು ಎಂಬರ್ಥದ ಒಂದು ಸಾಲು ಸೇರಿಸಬೇಕಿತ್ತು. ಸೇರಿಸಿದೆ. ಯಂತ್ರವನ್ನು ಆರಿಸಿ ಹಚ್ಚಿದೆ. ಹರಿಯುವುದು ಸಂಪೂರ್ಣವಾಗಿ ನಿಂತಿತು, ಯಾಕೆಂದರೆ ಹರಿಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಕಗ್ಗತ್ತಲು. ಎಡಗಡೆಯ ಮೂಲೆಯಲ್ಲಿ ಒಂದು ಪುಟ್ಟ ಗೆರೆ ಮಾತ್ರ ಮಿಣುಕುತ್ತಿತ್ತು.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಓಡಿದೆ. "ಪೂರ್ತಿ ಕಪ್ಪಾಗ್ಬುಟ್ಟಿದೆ ಕಣಯ್ಯ" ಎಂದೆ. "ಏನೇನೂ ಕಾಣ್ತಿಲ್ಲ. ಎಡ ಮೂಲೇಲಿ ಸಣ್ಣಗೆ ಏನೋ ಮಿಣುಕ್ತಾ ಇದೆ, ಅಷ್ಟೇ." ಅಡುಗೆಮನೆಯಲ್ಲಿ ಒಂದು ಪಾತ್ರೆ ಬಿದ್ದ ಸದ್ದಾಯಿತು. ಬೆಕ್ಕು ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ಭಾವ ನಂಜನಗೂಡಿನಿಂದ ಮೊದಲ ಬಸ್ಸಿಗೇ ಬಂದಿಳಿದರು. ಕಾಫಿ ಕುಡಿಯುತ್ತಾ ನನ್ನ ಮುಖವನ್ನೇ ನೋಡುತ್ತಿದ್ದವರು ಇದ್ದಕ್ಕಿದ್ದ ಹಾಗೆ ಕೈ ಎತ್ತಿ, ಇದೆಷ್ಟು ಬೆರಳು ಭಾವ ಎಂದು ಕೇಳಿದರು. ವಯಸ್ಸಾದ ಮೇಲೆ ಹುಡುಗಾಟ ಹೆಚ್ಚಾಗಿದೆ ಎಂದುಕೊಂಡು, ನಾನೂ ತಮಾಷೆಗೆ ತಪ್ಪು ಲೆಕ್ಕ ಹೇಳಿದೆ. ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ರಾಜಮ್ಮಣ್ಣಿ, ಅಣ್ಣನ ಕಣ್ಣು ತೋರಿಸಿಕೊಂಡು ಬರಬೇಕು, ನೀವೂ ಜೊತೆಗೆ ಬನ್ನಿ ಎಂದಳು. ಯಂತ್ರ ಕಪ್ಪಾಗಿ ಕೂತಿದ್ದರಿಂದ ಮಾಡಲು ನನಗೂ ಕೆಲಸವಿರಲಿಲ್ಲ. ದೊಡ್ಡ ಉಪಕಾರ ಮಾಡುವವನಂತೆ ಶರಟು ತೊಟ್ಟು ಹೊರಟೆ. ಆಟೋದಲ್ಲಿ ಇಬ್ಬರ ನಡುವೆ ಕೂರಿಸಿಕೊಂಡರು.

ಕಣ್ಣಿನ ಆಸ್ಪತ್ರೆಯ ಬೆಂಚಿನಲ್ಲಿ ಕೂತು ನಾನು ಭಾವನಿಗೆ ಧೈರ್ಯ ಹೇಳುತ್ತಿದ್ದೆ. ಹೆದರಬೇಡಿ, ಈಗೆಲ್ಲ ಬಹಳ ಮುಂದುವರಿದಿದೆ ಎಂದು ಹೇಳುತ್ತಿರುವಾಗಲೇ ನರ್ಸಮ್ಮ ಬಂದು ಗುರುಸ್ವಾಮಿ ಯಾರು ಎಂದಳು. ಗುರುಸ್ವಾಮಿ ನಾನು. ತಪ್ಪಾಗಿ ಬರೆದುಕೊಂಡಿದ್ದೀರಿ, ತೋರಿಸಬೇಕಾದವರು ಇವರು ಎಂದೆ. ಅಷ್ಟರಲ್ಲಿ ಭಾವ ಒಂದು ಭುಜ ಹಿಡಿದಿದ್ದರು, ರಾಜಮ್ಮಣ್ಣಿ ಇನ್ನೊಂದು. ನರ್ಸಮ್ಮ ನನ್ನ ರೆಪ್ಪೆ ಎತ್ತಿ ಎರಡೂ ಕಣ್ಣಿಗೆ ಹನಿ ಹಾಕಿಬಿಟ್ಟಳು. ಕಣ್ಣು ಮುಚ್ಚಿಕೊಂಡು ಕೂತಿರಿ, ಪಾಪೆ ಅರಳಬೇಕು ಎಂದಳು. ಮುಚ್ಚಿದ ಕಣ್ಣಿನ ಆಚೆ ನಾನು ಯಾಕೆ, ಏನು ಎಂದು ಕೇಳಿದ ಪ್ರಶ್ನೆಗಳಿಗೆ ಇಬ್ಬರೂ ಉತ್ತರ ಕೊಡಲಿಲ್ಲ.

ಒಳಗೆ ಡಾಕ್ಟರಮ್ಮ ನನ್ನ ಗದ್ದವನ್ನು ಯಂತ್ರದ ಮೇಲೆ ಇರಿಸಿ, ಎರಡೂ ಕಣ್ಣುಗಳ ಆಳಕ್ಕೆ ಬಹಳ ಹೊತ್ತು ಬೆಳಕು ಬಿಟ್ಟು ನೋಡಿದರು. ಮೇಲೆ ನೋಡಿ, ಕೆಳಗೆ ನೋಡಿ, ನನ್ನ ಕಿವಿ ನೋಡಿ ಎಂದರು. ಆಮೇಲೆ ದೀಪ ಆರಿಸಿ ನನ್ನ ಹೆಂಡತಿಯ ಕಡೆ ತಿರುಗಿದರು.

"ಪರದೆ ಚೆನ್ನಾಗೇ ಇದೆಯಲ್ಲಮ್ಮ. ಎಲ್ಲೂ ಹರಿದಿಲ್ಲ. ಹರಿದಿದೆ ಅಂತ ಯಾರು ಹೇಳಿದ್ದು?"

"ಇವ್ರೇ" ಎಂದಳು ರಾಜಮ್ಮಣ್ಣಿ.

"ಯಾರಿಗೆ ಹೇಳಿದ್ರು?"

"ಚಂದ್ರಶೇಖರ ಮೇಷ್ಟ್ರಿಗೆ, ಫೋನಲ್ಲಿ. ನಮ್ಗೆ ಹೇಳ್ದಂಗೆ ಮುಚ್ಚಿಟ್ಟವ್ರೆ. ನಿನ್ನೆ ಪೂರ್ತಿ ಕಪ್ಪಾಯ್ತು, ಮೂಲೇಲಿ ಮಿಣುಕ್ತದೆ ಅಂತ ನಾನೇ ಕಿವಿಯಾರ ಕೇಳಿಸ್ಕೊಂಡೆ."

ಆಗ ನನಗೆ ಎಲ್ಲವೂ ಒಟ್ಟಿಗೆ ಕಂಡಿತು. ಪಾಪೆ ಅರಳಿ ಎದುರಿಗಿದ್ದ ಮೂವರ ಮುಖವೂ ಮಂಜಾಗಿದ್ದಾಗಲೇ ನನಗೆ ಸೊಪ್ಪು ಕಂಡಿತು, ಹರಳೆಣ್ಣೆ ಕಂಡಿತು, ಸ್ಕೂಟರಿನ ಬೀಗದ ಕೈ ಎಲ್ಲಿ ಹೋಗಿದೆ ಎಂಬುದೂ ಕಂಡಿತು. ಅದು ಕಂಪ್ಯೂಟರಿನ ಪರದೆ ಎಂದು ಹೇಳಿದೆ. ಚಿತ್ರ ಅರ್ಧ ಬಳಿಯುವುದರೊಳಗೆ ಮುಂದಿನ ಚಿತ್ರ ಬಂದುಬಿಡುತ್ತದೆ ಎಂದು ವಿವರಿಸಲು ಹೋದೆ. ಡಾಕ್ಟರಮ್ಮ ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡು, ಮುಂದಿನ ಸಲ ಮನೆಯಲ್ಲಿ ಯಾವ ಪರದೆ ಎಂದು ಬಿಡಿಸಿ ಹೇಳಿ ಎಂದು ಚೀಟಿಯಲ್ಲಿ ಏನೋ ಗೀಚಿ ಕೊಟ್ಟರು.

ಹೊರಗೆ ಬಂದ ಮೇಲೆ ನನಗೆ ನಗು ತಡೆಯಲಾಗಲಿಲ್ಲ. ನನ್ನ ಜೊತೆ ಎಲ್ಲರೂ ನಗುತ್ತಾರೆ ಎಂದುಕೊಂಡಿದ್ದೆ. ಪಕ್ಕದಲ್ಲಿ ಸದ್ದೇ ಇಲ್ಲ. ಕಣ್ಣು ಕಿರಿದು ಮಾಡಿ ನೋಡಿದರೆ ಬೆಂಚಿನ ತುದಿಯಲ್ಲಿ ಒಂದು ಹಸಿರು ಸೀರೆಯ ಮುದ್ದೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಾಳೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಭಾವ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ನಗಬೇಡಿ ಭಾವ. ನನ್ ಕಣ್ಣು ಹೋಗಿದ್ದನ್ನ ನೋಡಿದೋಳು ಅವ್ಳು."

ನಗು ನಿಂತಿತು. ಭಾವ ತಮ್ಮ ಕಪ್ಪು ಕನ್ನಡಕ ತೆಗೆದು ನನಗೆ ಹಾಕಿದರು. ಬೀದಿಗೆ ಇಳಿದರೆ ಆ ಕನ್ನಡಕದ ಒಳಗೂ ಬಿಸಿಲು ಸುಣ್ಣದಂತೆ ಎರಚಿತು. ರಸ್ತೆ ಎಲ್ಲಿ ಮುಗಿದು ಮೋರಿ ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗಲಿಲ್ಲ. ನಿಂತೇಬಿಟ್ಟೆ. ರಾಜಮ್ಮಣ್ಣಿ ಬಂದು ಮೊಣಕೈ ಹಿಡಿದಳು. ಇಷ್ಟು ದಿನ ಬೇಡದಿದ್ದಾಗ ಹಿಡಿದಿದ್ದ ಅದೇ ಹಿಡಿತ. ಈಗ ಬೇಕಾಗಿತ್ತು. ಆಟೋದಲ್ಲಿ ಅವಳು ನನ್ನೊಡನೆ ಒಂದು ಮಾತೂ ಆಡಲಿಲ್ಲ; ಕೈಯನ್ನೂ ಬಿಡಲಿಲ್ಲ.

ಮನೆಗೆ ಬಂದರೆ ಸಹಕಾರ ಸಂಘದವರ ಫೋನು. ಮಾರನೆಯ ದಿನ ಬೆಳಿಗ್ಗೆ ಪುಟಗಳು ಮುದ್ರಣಕ್ಕೆ ಹೋಗಲೇಬೇಕು ಎಂದರು. ಯಂತ್ರ ಕತ್ತಲಲ್ಲಿ ಕೂತಿದೆ, ಕೈಗೆಟಕುವ ದೂರದ ಅಕ್ಷರ ಒಂದೂ ನನಗೆ ಕಾಣುತ್ತಿಲ್ಲ, ಸಂಜೆಯವರೆಗೆ ಹೀಗೇ ಇರುತ್ತದೆಂದು ನರ್ಸಮ್ಮ ಹೇಳಿದ್ದಾಳೆ. ಚಂದ್ರಶೇಖರನಿಗೆ ನೀನೇ ಬಾ ಎಂದೆ. ಬನ್ನಿಮಂಟಪದಲ್ಲಿ ದಸರೆಯ ಪಂಜಿನ ಕವಾಯತಿನ ತಾಲೀಮು ನಡೆದಿದೆ, ರಸ್ತೆಗೆಲ್ಲ ಅಡ್ಡ ಕಟ್ಟಿದ್ದಾರೆ, ಗಾಡಿ ತೆಗೆಯುವ ಹಾಗಿಲ್ಲ, ಯಾರಾದರೂ ಕೀಲಿಮಣೆಯ ಮುಂದೆ ಕೂತರೆ ಫೋನಿನಲ್ಲೇ ಹೇಳಿಕೊಡುತ್ತೇನೆ ಎಂದ. ಯಾರು ಕೂರುತ್ತಾರೆ ಎಂದು ನಾನು ಯೋಚಿಸುತ್ತಿರುವಾಗಲೇ ನನ್ನ ಕುರ್ಚಿ ಎಳೆದ ಸದ್ದಾಯಿತು.

"ಹೇಳಿ ಮೇಷ್ಟ್ರೇ" ಎಂದಳು ರಾಜಮ್ಮಣ್ಣಿ. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಆಡಿದ ಮೊದಲ ಮಾತು.

ಚಂದ್ರಶೇಖರ ವ್ರತಭಂಗ ಮಾಡಿಕೊಳ್ಳದೆ, ನಿಯಂತ್ರಣ ಕೀಲಿ, ಪರ್ಯಾಯ ಕೀಲಿ, ಎರಡನೆಯ ಕಾರ್ಯಕೀಲಿ ಇವನ್ನು ಏಕಕಾಲಕ್ಕೆ ಅದುಮಬೇಕು ಎಂದ. ಹಾಗಂದರೆ ಎಂದಳು. ಅವನು ಅದನ್ನೇ ಇನ್ನೊಮ್ಮೆ ಹೇಳಿದ. ನಿಮ್ಮ ಈ ಕನ್ನಡದಿಂದಲೇ ಇಷ್ಟೆಲ್ಲ ಆಗಿದ್ದು, ಸರಿಯಾಗಿ ಹೇಳಿ ಎಂದಳು. ಅವನು ಸೋತ ದನಿಯಲ್ಲಿ, "ಕಂಟ್ರೋಲು, ಆಲ್ಟು, ಎಫ್ ಟೂ ಕಣಮ್ಮ" ಎಂದ. ಕತ್ತಲ ಪರದೆಯ ಮೇಲೆ ಬಿಳಿ ಅಕ್ಷರಗಳು ಬಂದವು ಎಂದು ಅವಳು ತಿಳಿಸಿದಳು. ಅವನು ಒಂದು ಸಾಲು ಹೇಳಿದ. ಟಕಟಕನೆ ಸದ್ದಾಯಿತು. ಮುಂದಿನದು ಎಂದಳು. ಇನ್ನೊಂದು ಸಾಲು ಹೇಳಿದ. ಮತ್ತೆ ಟಕಟಕ.

ಆ ಸದ್ದು ನನಗೆ ಗೊತ್ತು. ಒಂದೊಂದೇ ಅಕ್ಷರವನ್ನು ಹುಡುಕಿ ಒಂದೇ ಬೆರಳಿನಲ್ಲಿ ಕುಟ್ಟುವವರ ಸದ್ದಲ್ಲ ಅದು. ಹತ್ತೂ ಬೆರಳು ತಮ್ಮ ತಮ್ಮ ಜಾಗದಲ್ಲಿ ಕೂತಿರುವವರ ಸದ್ದು. ಈ ಮನೆಯಲ್ಲಿ ಅಂಥ ಸದ್ದು ಬರುವುದಿದ್ದರೆ ನನ್ನ ಕೈಯಿಂದ ಮಾತ್ರ ಬರಬೇಕಿತ್ತು.

"ಯಾವಾಗ ಕಲಿತೆ?" ಎಂದೆ.

"ಮಧ್ಯಾಹ್ನ ಹೋಗ್ತಿದ್ನಲ್ಲ, ಅಲ್ಲೇ. ಟೈಪಿಂಗು. ಕನ್ನಡ ಬೇಗ ಬಂತು, ಇಂಗ್ಲಿಷು ಇನ್ನೂ ತಡವರಿಸ್ತೀನಿ." ಬೆರಳು ನಿಲ್ಲಿಸಲಿಲ್ಲ. "ನಿಮ್ ಕಣ್ಣು ಹೋದ್ಮೇಲೆ ಕಲಿಯಕ್ಕೆ ಕೂತ್ರೆ ಬಂದ ಕೆಲ್ಸ ಕಾಯ್ತದಾ? ನೀವು ಹೇಳೋದು, ನಾನು ಹೊಡೆಯೋದು, ಹೆಂಗೋ ನಡೀತದೆ ಅಂದ್ಕೊಂಡಿದ್ದೆ. ಮೇಷ್ಟ್ರೇ, ಮುಂದೆ ಹೇಳಿ."

ಮೇಷ್ಟ್ರಿಗೂ ತಕ್ಷಣ ಮುಂದಿನದು ನೆನಪಾಗಲಿಲ್ಲ. ನಾನು ಭಾವನ ಕಪ್ಪು ಕನ್ನಡಕ ತೆಗೆದು ಒರೆಸಿಕೊಂಡೆ. ಹನಿಯಿಂದ ಕಣ್ಣು ಉರಿಯುತ್ತಿದೆ ಎಂದು ಯಾರೂ ಕೇಳದಿದ್ದರೂ ಹೇಳಿದೆ. ಗೋಡೆಗೆ ಒರಗಿ ಕೂತಿದ್ದ ಭಾವ, ಉರಿಯುತ್ತದೆ ಉರಿಯುತ್ತದೆ ಎಂದರು.

ನಾನು ಬರೆದಿದ್ದ ಕಡತವನ್ನು ತೆರೆಸಿ, ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಲು ಚಂದ್ರಶೇಖರ ಹೇಳಿದ. ಓದಿದಳು. ಒಂದು ಕಡೆ ನಿಂತಳು. ಇಲ್ಲಿ ಉದ್ಧರಣ ಚಿಹ್ನೆ ಶುರುವಾಗಿದೆ, ಮುಗಿಯುವ ಕಡೆ ಇಲ್ಲವಲ್ಲ, ಹೀಗೇ ಇರಬೇಕಾ ಎಂದಳು. ಚಂದ್ರಶೇಖರ ಜೋರಾಗಿ ನಗತೊಡಗಿದ. ಮೊಳೆ ಜೋಡಿಸುವ ಕಾಲದಿಂದ ಊರಿನವರ ಉದ್ಧರಣ ಚಿಹ್ನೆಗಳನ್ನೆಲ್ಲ ಮುಚ್ಚಿಕೊಡುವುದೇ ಉದ್ಯೋಗವಾದವನು, ಕಂಪ್ಯೂಟರಿನೊಡನೆ ಮಾತಾಡುವಾಗ ತನ್ನದನ್ನು ತೆರೆದಿಟ್ಟೇ ಎದ್ದುಬಂದಿದ್ದೆ. ಅದು ನನ್ನ ಮಾತು ಮುಗಿಯಲಿ ಎಂದು ಕತ್ತಲಲ್ಲಿ ಕಾದು ಕೂತಿತ್ತು. ರಾಜಮ್ಮಣ್ಣಿ ಚಿಹ್ನೆ ಮುಚ್ಚಿ, ಕಡತ ಉಳಿಸಿ, ಯಂತ್ರವನ್ನು ಆರಿಸಿ ಹಚ್ಚಿದಳು.

ಬಂತು ಎಂದಳು. ನನಗೆ ಒಂದು ಬೆಳಕಿನ ಚೌಕ ಕಂಡಿತು, ಅಷ್ಟೇ. ಸ್ಮರಣ ಸಂಚಿಕೆಯನ್ನು ತೆರೆಯಲು ಹೇಳಿದೆ. ಅಧ್ಯಕ್ಷರ ಫೋಟೋ ಇರುವ ಪುಟಕ್ಕೆ ಹೋಗಿ ಎಡಕ್ಕೆ ಬಲಕ್ಕೆ ಸರಿಸು ಎಂದೆ. ಅವಳು ಸರಿಸಿದಳು. ನಿಧಾನವಾಗಿ ಒಮ್ಮೆ, ವೇಗವಾಗಿ ಒಮ್ಮೆ. ನೋಡುತ್ತಲೇ ಇದ್ದಳು.

"ಹರೀತಾ ಇದೆಯಾ?" ಎಂದೆ.

"ಇಲ್ಲ. ಪರದೆ ಎಲ್ಲೂ ಹರಿದಿಲ್ಲ" ಎಂದಳು. ಆ ಮಾತನ್ನು ಡಾಕ್ಟರಮ್ಮನ ಬಾಯಲ್ಲಿ ಕೇಳಿದಾಗ ಆಗದಿದ್ದ ಸಮಾಧಾನ ಆಗ ನನಗಾಯಿತು. ಅವಳು ಕುರ್ಚಿಯಿಂದ ಏಳಲಿಲ್ಲ. ಪರದೆಯ ಹತ್ತಿರಕ್ಕೆ ಬಾಗಿದ ಹಾಗೆ ಅನ್ನಿಸಿತು.

"ಆದ್ರೆ ಇಲ್ನೋಡಿ, ಅಧ್ಯಕ್ಷರ ಫೋಟೋ ಕೆಳಗೆ. 'ಸಂಘದ ಕೀರ್ತಿ ನಾಡಿನ ಎಲ್ಲೆಡೆ ಹರಿದಿದೆ' ಅಂತ ಹೊಡೆದಿದೀರಲ್ಲ. ಹರಡಿದೆ ಅಲ್ವಾ ಅದು?"

ಅದು ನಾನೇ ಕೂರಿಸಿ, ನಾನೇ ಕರಡು ತಿದ್ದಿ, ಸರಿಯಿದೆ ಎಂದು ಗುರುತು ಹಾಕಿದ್ದ ಪುಟ.

"ತಿದ್ದಿಬಿಡು" ಎಂದೆ.

"ತಿದ್ದಿ ಆಯ್ತು" ಎಂದಳು. "ಮುಂದಿನ ಪುಟ ತೆಗೀತೀನಿ, ಸುಮ್ನೆ ಕೂತ್ಕೊಳಿ."